ನಾಟಿ ಮುಗಿಸಿ ಬಂದ ರಾತ್ರಿ ಮೀನಖಂಡ ಹಿಡಿದುಕೊಂಡರೆ

ಈಗ ನೀವು ನೋಡುತ್ತಿರುವುದು ತೀರ್ಥಹಳ್ಳಿ ಕಡೆ ಇರುವ ನಮ್ಮ ದೊಡ್ಡಮ್ಮನ ಗದ್ದೆ. ಜುಲೈ ತಿಂಗಳು, ನಾಟಿ ಜೋರಾಗಿ ನಡೆದಿದೆ. ಮಳೆ ಬಿಡುವ ಲಕ್ಷಣ ಇಲ್ಲ. ಸಾಲಾಗಿ ಬಗ್ಗಿ ಸಸಿ ನೆಡುತ್ತಿದ್ದಾರಲ್ಲ, ಅವರ ಕಾಲು ಗಮನಿಸಿ. ಒಂದೊಂದು ಹೆಜ್ಜೆಗೂ ಕೆಸರಿನಿಂದ ಕಾಲು ಕಿತ್ತು ಹಿಂದಕ್ಕೆ ಇಡಬೇಕು. ಬೆಳಿಗ್ಗೆಯಿಂದ ಸಂಜೆವರೆಗೂ ಇದೇ ಕೆಲಸ.

ಇವರಲ್ಲಿ ಯಾರನ್ನು ಕೇಳಿದರೂ ಹೇಳುವುದು ಒಂದೇ. "ಹಗಲೊತ್ತು ಏನೂ ಆಗಲ್ಲ ಮಾರಾಯ್ತಿ, ರಾತ್ರಿ ಮಲಗಿದ ಮೇಲೆ ಮೀನಖಂಡ ಹಿಡ್ಕೊಂಡು ಬಿಡುತ್ತೆ."

ಹಿಡಿದುಕೊಂಡಾಗ ಮುಟ್ಟಿ ನೋಡಿದರೆ ಮಾಂಸ ಗಂಟು ಕಟ್ಟಿದ ಹಾಗೆ ಗಟ್ಟಿಯಾಗಿರುತ್ತದೆ. ಪಾದ ತಾನಾಗಿಯೇ ಕೆಳಕ್ಕೆ ಬಾಗುತ್ತದೆ. ಕೂಗಿಕೊಳ್ಳುವಷ್ಟು ನೋವು. ಆಗ ಎಲ್ಲರೂ ಮಾಡುವುದೇನು? ಎಣ್ಣೆ ಹುಡುಕುವುದು, ನೀರು ಕುಡಿಸುವುದು. ಅದೆಲ್ಲ ಆಮೇಲೆ. ಮೊದಲು ಕಾಲು ನೀಡಿ ಕೂತು, ಮಂಡಿ ನೆಟ್ಟಗೆ ಇಟ್ಟುಕೊಂಡು, ಕಾಲ್ಬೆರಳುಗಳನ್ನು ನಿಮ್ಮ ಕಡೆಗೆ ಎಳೆದುಕೊಳ್ಳಿ. ದೊಡ್ಡಮ್ಮ ತೋರಿಸುತ್ತಿದ್ದಾರೆ ನೋಡಿ. ಕೈಗೆ ಎಟುಕದಿದ್ದರೆ ಟವೆಲ್ ಅಥವಾ ಸೀರೆ ಸೆರಗನ್ನು ಪಾದಕ್ಕೆ ಹಾಕಿ ಎಳೆಯಿರಿ. ಜರ್ಕ್ ಕೊಡಬೇಡಿ, ನಿಧಾನಕ್ಕೆ ಎಳೆದು ಹಾಗೇ ಹಿಡಿದಿರಿ. ಏಳಲು ಆಗುವವರು ಎದ್ದು ನಿಂತು ಹಿಮ್ಮಡಿಯನ್ನು ನೆಲಕ್ಕೆ ಒತ್ತಿದರೂ ಸರಿ.

ಇದು ಯಾಕೆ ಕೆಲಸ ಮಾಡುತ್ತದೆ ಅಂದರೆ, ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿಯಂಥ ಭಾಗಕ್ಕೆ ಸ್ನಾಯು ಸೇರುವ ಕಡೆ ಎಳೆತವನ್ನು ಗುರುತಿಸುವ ಸಣ್ಣ ನರತುದಿಗಳಿವೆ. ಎಳೆತ ಬಿದ್ದಾಗ ಅವು ಬೆನ್ನುಹುರಿಗೆ ಸುದ್ದಿ ಮುಟ್ಟಿಸುತ್ತವೆ. ಬಿಗಿಯುವ ಆಜ್ಞೆ ಕಡಿಮೆಯಾಗುತ್ತದೆ. ದಿನವಿಡೀ ದುಡಿದು ಸುಸ್ತಾದ ಸ್ನಾಯುವಿನಲ್ಲಿ ಈ ಸಡಿಲಿಸುವ ವ್ಯವಸ್ಥೆಯೇ ಮಂಕಾಗಿರುತ್ತದೆ, ಬಿಗಿಯುವ ಕಡೆ ಜಾಸ್ತಿ ಚುರುಕಾಗಿರುತ್ತದೆ ಅನ್ನುವುದು ಈಗ ಬಹಳ ಸಂಶೋಧಕರು ಒಪ್ಪುವ ವಿವರಣೆ. ಅದರ ಮೇಲೆ ನಾವು ಭಾರದ ಕಂಬಳಿ ಬಿಗಿಯಾಗಿ ಹೊದ್ದು ಮಲಗುತ್ತೇವೆ. ಪಾದ ಕೆಳಕ್ಕೆ ಬಾಗಿ, ಮೀನಖಂಡ ಮೊದಲೇ ಕುಗ್ಗಿರುತ್ತದೆ. ಸ್ವಲ್ಪ ಅಲುಗಾಡಿದರೆ ಸಾಕು, ಹಿಡಿದುಕೊಳ್ಳುತ್ತದೆ. ಕಂಬಳಿಯನ್ನು ಪಾದದ ಕಡೆ ಸಡಿಲ ಬಿಡಿ.

ಬಿಟ್ಟ ಮೇಲೂ ಒಂದೆರಡು ದಿನ ಒಳಗೊಳಗೆ ನೋವು ಇರಬಹುದು. ಅದಕ್ಕೆ ಬಿಸಿನೀರಿನ ಶಾಖ, ಕೊಬ್ಬರಿ ಎಣ್ಣೆ ಹಚ್ಚಿ ಹಗುರಾಗಿ ನೀವುವುದು, ಇವು ಹಿತ ಕೊಡುತ್ತವೆ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕಡಿಮೆ ಆದವರು ಮಾತ್ರ ಶಾಖದಲ್ಲಿ ಹುಷಾರು, ಸುಟ್ಟರೂ ಗೊತ್ತಾಗುವುದಿಲ್ಲ.

ಇನ್ನು ಉಪ್ಪಿನ ವಿಷಯ. 1923ರಲ್ಲೇ ಬ್ರಿಟನ್ನಿನ ಕಲ್ಲಿದ್ದಲು ಗಣಿ ಕೆಲಸಗಾರರ ಬಗ್ಗೆ ಇದನ್ನು ಬರೆದಿದ್ದಾರೆ. ಬಿಸಿ ಗಣಿಯಲ್ಲಿ ಬೆವರು ಸುರಿಸಿ ಬರೀ ನೀರು ಕುಡಿದವರಿಗೆ ಸೆಳೆತ, ಅಂದರೆ ಹೀಗೆ ಸ್ನಾಯು ಹಿಡಿದುಕೊಳ್ಳುವುದು, ಬರುತ್ತಿತ್ತು, ನೀರಿಗೆ ಉಪ್ಪು ಸೇರಿಸಿದಾಗ ಕಡಿಮೆಯಾಯಿತು. ಹಾಗಂತ ಎಲ್ಲ ಸೆಳೆತಕ್ಕೂ ಉಪ್ಪೇ ಕಾರಣ ಅನ್ನಲಾಗದು. ದೂರ ಓಡುವವರನ್ನು ಪರೀಕ್ಷೆ ಮಾಡಿದಾಗ, ಸೆಳೆತ ಬಂದವರ ಮತ್ತು ಬರದವರ ರಕ್ತದಲ್ಲಿ ಲವಣಗಳ ಮಟ್ಟದಲ್ಲಿ ಹೇಳುವಂಥ ವ್ಯತ್ಯಾಸ ಇರಲಿಲ್ಲ. ನಮ್ಮ ಗದ್ದೆಯಲ್ಲಿ ಸ್ನಾಯುವಿನ ಸುಸ್ತು, ಬೆವರಲ್ಲಿ ಹೋದ ಉಪ್ಪು ಎರಡೂ ಸೇರಿರುತ್ತವೆ ಅಂತ ನನ್ನ ಅಂದಾಜು. ಮಳೆಯಲ್ಲೂ ಆ ಪ್ಲಾಸ್ಟಿಕ್ ಕೊಪ್ಪೆಯ ಒಳಗೆ ಮೈಯೆಲ್ಲ ಬೆವರು, ಗೊತ್ತಲ್ವಾ?

ಹಾಗಾಗಿ ಉಪ್ಪು, ಶುಂಠಿ ಹಾಕಿದ ಮಜ್ಜಿಗೆ, ಗಂಜಿ, ಎಳನೀರು ಎಲ್ಲ ಒಳ್ಳೆಯದೇ. ಜಾಸ್ತಿ ಬೆವರಿದ್ದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಮಟ್ಟಸವಾಗಿ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಕಲಸಿ ಇಟ್ಟುಕೊಳ್ಳಿ. ಬಿಪಿ ಇರುವವರು ಉಪ್ಪಿನ ಬಗ್ಗೆ, ಕಿಡ್ನಿ ತೊಂದರೆ ಇರುವವರು ಎಳನೀರು, ಬಾಳೆಹಣ್ಣಿನ ಬಗ್ಗೆ ವೈದ್ಯರನ್ನು ಕೇಳಲೇಬೇಕು. ಬಾಳೆಹಣ್ಣು ತಿಂದ ಕೂಡಲೇ ಸೆಳೆತ ಬಿಡುತ್ತದೆ ಅಂತಲೂ ಕಾಯಬೇಡಿ. ಅದರ ಪೊಟ್ಯಾಸಿಯಂ ರಕ್ತಕ್ಕೆ ಸೇರಲು ಸಮಯ ಬೇಕು.

ಉಪ್ಪಿನಕಾಯಿ ರಸದ ಕತೆ ನನಗೆ ತುಂಬಾ ಇಷ್ಟ. ಅಮೆರಿಕದಲ್ಲಿ 2010ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ವಿದ್ಯುತ್ ಕೊಟ್ಟು ಸೆಳೆತ ಬರಿಸಿ, ಕೆಲವು ಸಲ ನೀರು, ಕೆಲವು ಸಲ ಸೌತೆ ಉಪ್ಪಿನಕಾಯಿಯ ಹುಳಿ ರಸ ಕುಡಿಸಿದರು. ರಸ ಕುಡಿದಾಗ ಬೇಗ ಬಿಟ್ಟಿತು. ಅಷ್ಟರಲ್ಲಿ ಉಪ್ಪು ರಕ್ತಕ್ಕೆ ಸೇರಿರಲು ಸಾಧ್ಯವೇ ಇಲ್ಲ. ಗಂಟಲಿಗೆ ಆ ಹುಳಿ ತಾಗಿದ್ದೇ ನರಗಳನ್ನು ತಣಿಸಿರಬೇಕು ಅಂತ ಅವರ ಊಹೆ. ನಮ್ಮ ಅಪ್ಪೆಮಿಡಿ ರಸವನ್ನು ಯಾರಾದರೂ ಹೀಗೆ ಪರೀಕ್ಷೆ ಮಾಡಲಿ ಅಂತ ನನಗೆ ನಿಜವಾಗಿಯೂ ಆಸೆ!

ಮೆಗ್ನೀಸಿಯಂ ಮಾತ್ರೆ ವಯಸ್ಸಾದವರ ರಾತ್ರಿ ಸೆಳೆತಕ್ಕೆ ಹೆಚ್ಚೇನೂ ಸಹಾಯ ಮಾಡುವುದಿಲ್ಲ ಅಂತ ಅಧ್ಯಯನಗಳು ಹೇಳುತ್ತವೆ. ಮಲೇರಿಯಾ ಔಷಧಿ ಕ್ವಿನೈನ್ ಅಂತೂ ಸೆಳೆತಕ್ಕೆ ಅಂತ ಸ್ವಂತವಾಗಿ ತೆಗೆದುಕೊಳ್ಳಲೇಬಾರದು, ರಕ್ತಕ್ಕೆ ಮತ್ತು ಹೃದಯಕ್ಕೆ ಅಪಾಯ ಆಗಬಹುದು.

ಸಂಜೆ ಜಗಲಿಯಲ್ಲಿ ಇವರೆಲ್ಲ ಗೋಡೆಗೆ ಕೈಕೊಟ್ಟು ನಿಂತಿದ್ದಾರೆ ನೋಡಿ. ಒಂದು ಕಾಲು ಹಿಂದೆ, ಹಿಮ್ಮಡಿ ನೆಲಕ್ಕೆ, ಮೈ ಮುಂದಕ್ಕೆ. ಅರ್ಧ ನಿಮಿಷ ಹಿಡಿದು ಕಾಲು ಬದಲಿಸುವುದು. ಮಲಗುವ ಮುಂಚೆ ಎರಡು ಮೂರು ಸಲ ಮಾಡಿ.

ಒಂದೇ ಕಾಲು ಊದಿ, ಕೆಂಪಾಗಿ ಬಿಸಿಯಾಗಿದ್ದರೆ ಅದನ್ನು ಸೆಳೆತ ಅಂದುಕೊಂಡು ನೀವಬೇಡಿ. ರಕ್ತ ಹೆಪ್ಪುಗಟ್ಟಿರಬಹುದು, ಆಸ್ಪತ್ರೆಗೆ ಹೋಗಿ. ನಡೆದರೆ ನೋವು, ನಿಂತರೆ ಕಡಿಮೆ ಅನ್ನುವವರು, ಪದೇ ಪದೇ ಸೆಳೆತ ಬರುವವರು, ಬಸುರಿಯರು ವೈದ್ಯರಿಗೆ ತೋರಿಸಿ. ಮೂತ್ರ ಹೆಚ್ಚಿಸುವ ಬಿಪಿ ಮಾತ್ರೆ, ಕೊಲೆಸ್ಟ್ರಾಲ್ ಮಾತ್ರೆ ತಿನ್ನುತ್ತಿದ್ದರೆ ಅದನ್ನೂ ಹೇಳಿ. ನೀವಾಗಿಯೇ ನಿಲ್ಲಿಸಬೇಡಿ.

ಇನ್ನೊಂದು ವಿಷಯ ಇದೆ, ಗದ್ದೆ ಇರುವ ಮನೆಯವರು ದಯವಿಟ್ಟು ಕೇಳಿಸಿಕೊಳ್ಳಿ. ಕೆಲಸಕ್ಕೆ ಬಂದ ಹೆಂಗಸರು ಮಧ್ಯಾಹ್ನದವರೆಗೆ ನೀರೇ ಕುಡಿಯುವುದಿಲ್ಲ. ಬಾಯಾರಿಕೆ ಇಲ್ಲ ಅಂತಲ್ಲ. ಬಯಲಿನಲ್ಲಿ ಹೋಗಲು ಜಾಗ ಇಲ್ಲ, ಅದಕ್ಕೆ. ಅವರಿಗೆ "ನೀರು ಕುಡೀರಿ" ಅಂತ ಸುಮ್ನೆ ಬುದ್ಧಿ ಹೇಳಿದರೆ ಏನು ಬಂತು? ದೊಡ್ಡಮ್ಮ ಈ ವರ್ಷ ಬೇಲಿ ಪಕ್ಕ ನಾಲ್ಕು ಗಳು ನೆಟ್ಟು, ಟಾರ್ಪಾಲ್ ಕಟ್ಟಿ ಮರೆ ಮಾಡಿಸಿದ್ದಾರೆ. ಒಳಗೆ ಒಂದು ಬಕೆಟ್ ನೀರು, ಚೊಂಬು. ಬದುವಿನ ಮೇಲೆ ಮಜ್ಜಿಗೆ ಪಾತ್ರೆ ಕಾಣುತ್ತಿದೆಯಲ್ಲ, ಅದು ಈಗ ಊಟದ ಹೊತ್ತಿಗೆ ಮುಂಚೆಯೇ ಖಾಲಿ ಆಗುತ್ತಿದೆ.