ಪೇಟೆಯ ನಡುವೆ ಒಂದು ಮನೆ: ಅಂಗವಿಕಲರ ವಸತಿಗೆ ಹಣ ಹೊಂದಿಸುವ ಮಾತು

ಎಲ್ಲರಿಗೂ ನಮಸ್ಕಾರ.

ಬಜೆಟ್ ಪುಸ್ತಕದಿಂದಲೇ ಮಾತು ಶುರು ಮಾಡುತ್ತೇನೆ. ಎಸ್ಟಿಮೇಟು, ಟೆಂಡರು, ಬಿಲ್ಲುಗಳ ನಡುವೆಯೇ ನೌಕರಿ ಮುಗಿಸಿದವನಿಗೆ ಬೇರೆ ಪುಸ್ತಕ ಅಷ್ಟಾಗಿ ಕೈಗೆ ಒಗ್ಗುವುದಿಲ್ಲ. ನಮ್ಮ ರಾಜ್ಯದ ನಗರಸಭೆ, ಮಹಾನಗರ ಪಾಲಿಕೆಗಳ ಆಯವ್ಯಯದಲ್ಲಿ ಮೂರು ಮೀಸಲು ಸಾಲುಗಳು ಬರುತ್ತವೆ. ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇ. 24.10, ಇತರ ಬಡವರಿಗೆ ಶೇ. 7.25, ಅಂಗವಿಕಲರಿಗೆ ಶೇ. 5. ನಾನು ಇವತ್ತು ಮಾತಾಡುವುದು ಈ ಮೂರನೆಯ ಸಾಲಿನ ಬಗ್ಗೆ.

ಆ ಹಣದಲ್ಲಿ ತ್ರಿಚಕ್ರ ಸ್ಕೂಟರ್ ಕೊಡುತ್ತಾರೆ, ಶ್ರವಣಯಂತ್ರ ಕೊಡುತ್ತಾರೆ, ದವಾಖಾನೆ ಖರ್ಚಿಗೆ ನೆರವಾಗುತ್ತಾರೆ. ಇವೆಲ್ಲ ಬೇಕು. ಸ್ಕೂಟರ್ ಬಂದ ಮೇಲೆ ಸ್ವಂತ ದುಡಿಮೆಗೆ ಇಳಿದವರನ್ನು ನೀವೂ ಕಂಡಿದ್ದೀರಿ. ಆದರೆ ವಾಹನ ವಿತರಣೆಯ ಫೋಟೊ ತೆಗೆಸಿಕೊಂಡು ಎಲ್ಲರೂ ಎದ್ದು ಹೋದ ಮೇಲೆ ಒಬ್ಬ ತಾಯಿ ಕೇಳಿದ ಮಾತು ನನ್ನ ತಲೆಯಿಂದ ಹೋಗಿಲ್ಲ. "ಸರ, ಗಾಡಿ ಕೊಟ್ರಿ, ಛಲೋ ಆತು. ಮನಿಯೊಳಗಿಂದ ಗಾಡೀತನಕಾ ಅವನ್ನ ಯಾರ್ ಹೊತಗೊಂಡ ಬರಬೇಕ್ರಿ?" ಆಕೆಯ ಮಗ ನಾಲ್ಕು ಮೆಟ್ಟಿಲು ಕುಂಡಿಯ ಮೇಲೆ ಜಾರಿಕೊಂಡು ಇಳಿಯುತ್ತಿದ್ದ. ಹತ್ತುವಾಗ ಅದೂ ಆಗುತ್ತಿರಲಿಲ್ಲ.

ಅಂಗವಿಕಲರ ವಸತಿಗೆ ಇಡುವ ಹಣ ಊರ ಹೊರಗಿನ ನಿವೇಶನಕ್ಕೆ ಹೋಗುವುದಕ್ಕಿಂತ ಊರ ನಡುವಿನ ಮನೆಗೆ ಹೋಗಬೇಕು ಅನ್ನುವುದು ನನ್ನ ವಾದ. ಅದರಲ್ಲೂ ಹೊಸ ಗೋಡೆ ಎಬ್ಬಿಸುವ ಮೊದಲು, ಇರುವ ಮನೆಯ ಮೆಟ್ಟಿಲು, ಬಾಗಿಲು, ಸಂಡಾಸಕ್ಕೆ ಅದು ತಲುಪಬೇಕು.

ಊರ ನಡುವೆಯೇ ಯಾಕೆ? ಬೆಳಗಾವಿಯ ನಕ್ಷೆ ಕಣ್ಣ ಮುಂದೆ ತಂದುಕೊಳ್ಳಿ. ಚನ್ನಮ್ಮ ವೃತ್ತದ ಆಸುಪಾಸಿನಲ್ಲಿ ಜಿಲ್ಲಾಧಿಕಾರಿ ಕಚೇರಿ, ಕೋರ್ಟು, ಸಿವಿಲ್ ಆಸ್ಪತ್ರೆ. ಅಲ್ಲಿಂದ ಆಚೆ ಖಡೇ ಬಜಾರ, ಗಣಪತ ಗಲ್ಲಿ, ಮಾರುತಿ ಗಲ್ಲಿ, ಬಸ್ ನಿಲ್ದಾಣ. ಯುಡಿಐಡಿ ಕಾರ್ಡಿನ, ಅಂದರೆ ಅಂಗವಿಕಲರ ಗುರುತಿನ ಚೀಟಿಯ ತಪಾಸಣೆ, ಫಿಜಿಯೋಥೆರಪಿ, ಮಾಸಾಶನ ನಿಂತುಹೋದದ್ದರ ತಕರಾರು ಎಲ್ಲಕ್ಕೂ ಇಲ್ಲಿಗೇ ಬರಬೇಕು. ಕೂತು ಮಾಡುವ ಕೆಲಸ, ಅಂದರೆ ಟೇಲರಿಂಗ್, ಮೊಬೈಲ್ ರಿಪೇರಿ, ಜೆರಾಕ್ಸ್ ಅಂಗಡಿ, ಲೆಕ್ಕ ಬರೆಯುವುದು, ಇವು ಸಿಗುವುದೂ ಇಲ್ಲೇ. ಸರ್ಕಾರದ ಮನೆಗಳು ಮಾತ್ರ ಜಮೀನು ಅಗ್ಗವಾಗಿರುವ ಕಡೆ ಏಳುತ್ತವೆ. ಇದರಲ್ಲಿ ಯಾರ ದುರುದ್ದೇಶವೂ ಇಲ್ಲ. ಅದೇ ಮೊತ್ತಕ್ಕೆ ಹೆಚ್ಚು ಮನೆ ತೋರಿಸಬೇಕೆಂದರೆ ಊರಾಚೆಗೇ ಹೋಗಬೇಕಾಗುತ್ತದೆ.

ನಡೆಯಬಲ್ಲವನು ಅಗ್ಗದ ಮನೆಗೆ ಹೋಗಿ ಬಸ್ಸು ಹಿಡಿಯುತ್ತಾನೆ. ಗಾಲಿಕುರ್ಚಿಯವನಿಗೆ ಬಸ್ ಪಾಸ್ ಇದೆ, ಬಸ್ಸಿನ ಮೆಟ್ಟಿಲೂ ಇದೆ. ಹಾಗಾಗಿ ಆಟೊ. ಹೋಗಿ ಬರುವುದಕ್ಕೆ ದಿನಕ್ಕೆ 200 ರೂಪಾಯಿ ಅಂತ ಹಿಡಿಯಿರಿ, ತಿಂಗಳಲ್ಲಿ 25 ದಿನ ಕೆಲಸ ಅಂತ ಹಿಡಿಯಿರಿ, 5,000 ರೂಪಾಯಿ ಆಯಿತು. ಶೇ. 80 ಅಥವಾ ಅದಕ್ಕಿಂತ ಹೆಚ್ಚು ವೈಕಲ್ಯ ಇರುವವರಿಗೆ ಇಂದಿರಾ ಗಾಂಧಿ ಅಂಗವಿಕಲ ಪಿಂಚಣಿಯಲ್ಲಿ ಕೇಂದ್ರದ ಪಾಲು ತಿಂಗಳಿಗೆ 300 ರೂಪಾಯಿ. ರಾಜ್ಯ ತನ್ನ ಪಾಲು ಸೇರಿಸಿದ ಮೇಲೂ ಆಟೊದವನ ಲೆಕ್ಕ ಚುಕ್ತಾ ಆಗುವುದಿಲ್ಲ. ಊರಾಚೆಯ ಪುಕ್ಕಟೆ ಮನೆಗೆ ಹೀಗೆ ಪ್ರತಿ ತಿಂಗಳೂ ಬಾಡಿಗೆ ಬೀಳುತ್ತದೆ. ಅದು ಮನೆಮಾಲೀಕನ ಬದಲು ರಸ್ತೆಗೆ ಹೋಗುತ್ತದೆ, ಅಷ್ಟೇ.

ಕಾನೂನಿನ ಮಾತು ಬೇಗ ಮುಗಿಸುತ್ತೇನೆ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ 2017ರ ಏಪ್ರಿಲ್ 19ರಿಂದ ಜಾರಿಯಲ್ಲಿದೆ. ಅದರ 37ನೇ ಕಲಮು ವಸತಿ ಹಂಚಿಕೆಯಲ್ಲಿ ಶೇ. 5 ಮೀಸಲು ಇಡಬೇಕು, ಮಹಿಳೆಯರಿಗೆ ಆದ್ಯತೆ ಕೊಡಬೇಕು ಎನ್ನುತ್ತದೆ. 5ನೇ ಕಲಮು ಅಂಗವಿಕಲರಿಗೆ ಸಮುದಾಯದ ನಡುವೆ ಬದುಕುವ ಹಕ್ಕು ಕೊಡುತ್ತದೆ, ಇಂಥಲ್ಲೇ ಇರಬೇಕೆಂದು ಅವರನ್ನು ಕಟ್ಟಿಹಾಕುವಂತಿಲ್ಲ. ಈ ಕಲಮನ್ನು ಯಾರೂ ಹೆಚ್ಚು ಓದುವುದಿಲ್ಲ. ಓದಿದ್ದರೆ 'ಅಂಗವಿಕಲರ ಕಾಲೊನಿ' ಎಂಬ ಯೋಚನೆ ಸಭೆಯಿಂದ ಸಭೆಗೆ ಮತ್ತೆ ಮತ್ತೆ ಬರುತ್ತಿರಲಿಲ್ಲ. ಇನ್ನು 2024ರ ನವೆಂಬರ್ 8ರಂದು ರಾಜೀವ್ ರತೂರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಪ್ರವೇಶ ಸೌಲಭ್ಯದ ಮಾನದಂಡಗಳನ್ನು ಬರೀ ಸಲಹೆಯ ಮಟ್ಟದಲ್ಲಿ ಇಟ್ಟಿದ್ದ, ಇದೇ ಅಧಿನಿಯಮದ ಅಡಿಯ 15ನೇ ನಿಯಮವನ್ನು ತಳ್ಳಿಹಾಕಿ, ಕಡ್ಡಾಯ ನಿಯಮ ಮಾಡಿ ಎಂದು ಕೇಂದ್ರಕ್ಕೆ ಹೇಳಿತು. ಒಳ್ಳೆಯ ತೀರ್ಪು. ಆದರೆ ಇದೆಲ್ಲದರ ಒತ್ತು ಸಾರ್ವಜನಿಕ ಕಟ್ಟಡ ಮತ್ತು ಹೊಸ ಕಟ್ಟಡಗಳ ಮೇಲೆ. ಹಳೆಯ ಬಾಡಿಗೆ ಮನೆಯ ಬಚ್ಚಲದೊಳಗೆ ಅದು ಕಾಲಿಡುವುದಿಲ್ಲ.

ಆ ಮನೆಯೊಳಗೆ ಈಗ ಹೋಗೋಣ. ಶಹಾಪುರ, ವಡಗಾಂವ, ಖಾಸಬಾಗ ಕಡೆಯ ನೇಕಾರರ ಮನೆ ನೋಡಿದವರಿಗೆ ಗೊತ್ತು: ಅಗಲ ಕಡಿಮೆ, ಉದ್ದ ಬಹಳ, ಎರಡೂ ಬದಿಗೆ ಪಕ್ಕದವರ ಗೋಡೆ. ನಮ್ಮ ಊರಿನ ಮಳೆಗೆ ಹೆದರಿ ಹಿರಿಯರು ಪಾಯ ಎತ್ತರಿಸಿದರು. 2019ರ ಆಗಸ್ಟ್‌ನಲ್ಲಿ ನೀರು ನುಗ್ಗಿದ ಮೇಲಂತೂ ಹೊಸದಾಗಿ ಕಟ್ಟುವವರು ಇನ್ನೂ ಎತ್ತರಕ್ಕೆ ಹೋದರು. ಪಾಯ ಎರಡು ಅಡಿ ಇದೆ ಅನ್ನಿ. ಇಳಿಜಾರು ಒಂದಕ್ಕೆ ಹನ್ನೆರಡು ಇರಬೇಕು ಅನ್ನುವುದು ಮಾನದಂಡ. ಎರಡು ಅಡಿ ಏರಲು 24 ಅಡಿ ಉದ್ದದ ರ‍್ಯಾಂಪ್ ಬೇಕು. ಗಲ್ಲಿಯ ಅಗಲವೇ ಹನ್ನೆರಡು ಅಡಿ! ಇಂಥ ಕಡೆ ನಮ್ಮ ಗುತ್ತಿಗೆದಾರರು ಏನು ಮಾಡುತ್ತಾರೆಂದು ಎಷ್ಟೋ ಕಚೇರಿಗಳ ಮುಂದೆ ನೋಡಿದ್ದೀರಿ. ಐದಾರು ಅಡಿಯಲ್ಲೇ ಸಿಮೆಂಟು ಸುರಿದು ಮಕ್ಕಳ ಜಾರುಬಂಡೆ ಮಾಡಿ, 'ರ‍್ಯಾಂಪ್ ಪೂರ್ಣಗೊಂಡಿದೆ' ಅಂತ ಬಿಲ್ಲು ಬರೆಯುತ್ತಾರೆ. ಕೆಲವು ಮನೆಗಳಿಗೆ ರ‍್ಯಾಂಪ್ ಸಾಧ್ಯವೇ ಇಲ್ಲ ಅಂತ ಒಪ್ಪಿಕೊಳ್ಳಬೇಕು. ಅಲ್ಲಿ ಹಿತ್ತಲ ಕಡೆಯಿಂದ ದಾರಿ ಮಾಡಬಹುದು, ಗಾಲಿಕುರ್ಚಿಯನ್ನು ಎತ್ತಿ ಇಳಿಸುವ, ಆಳೆತ್ತರದೊಳಗಿನ ಸಣ್ಣ ಎತ್ತುವೇದಿಕೆ ಹಾಕಬಹುದು, ಅದೂ ಆಗದಿದ್ದರೆ ಅದೇ ಗಲ್ಲಿಯಲ್ಲಿ ಬೇರೆ ಮನೆ ಹುಡುಕಿಕೊಡಬಹುದು.

ಒಳಗೆ ಇನ್ನೂ ಕಷ್ಟ. ಸಂಡಾಸ ಕಟ್ಟುವಾಗ ಕೆಳಗೆ ಪೈಪಿಗೆ ಇಳುವು ಸಿಗಲಿ ಎಂದು ನೆಲವನ್ನು ಒಂದು ಅಡಿ ಎತ್ತರಿಸಿರುತ್ತಾರೆ. ಬಾಗಿಲು ಎರಡು ಅಡಿ. ಗಾಲಿಕುರ್ಚಿಯ ಅಗಲ ಹತ್ತಿರ ಹತ್ತಿರ 26 ಇಂಚು. ಮಾನದಂಡದ ಪ್ರಕಾರ ಬಾಗಿಲಿನ ತೆರವು 900 ಮಿ.ಮೀ. ಇರಬೇಕು, ಕುರ್ಚಿ ತಿರುಗಿಸಲು 1,500 ಮಿ.ಮೀ. ಜಾಗ ಬೇಕು. ಹೀಗಾಗಿ ಮನೆಯವರು ಗಾಲಿಕುರ್ಚಿಯವರನ್ನು ದಿನಕ್ಕೆ ನಾಲ್ಕಾರು ಸಲ ಎತ್ತಬೇಕು. ಬೇರೆಯವರಿಗೆ ತ್ರಾಸ ಆಗಬಾರದೆಂದು ನೀರು ಕುಡಿಯುವುದನ್ನೇ ಕಡಿಮೆ ಮಾಡುವ ಹೆಣ್ಣುಮಕ್ಕಳಿದ್ದಾರೆ. ಅವರ ಮೂತ್ರಪಿಂಡದ ತೊಂದರೆ ಆಮೇಲೆ ಆಸ್ಪತ್ರೆಯ ಲೆಕ್ಕದಲ್ಲಿ ಬರುತ್ತದೆ. ಬಾಗಿಲು ಅಗಲಿಸಿ, ನೆಲ ತಗ್ಗಿಸಿ, ಕಮೋಡ್ ಕೂರಿಸಿ, ಗೋಡೆಗೆ ಎರಡು ಹಿಡಿಕೆ ಹಾಕುವ ಕೆಲಸ ಗೌಂಡಿ, ಪ್ಲಂಬರ್ ಸೇರಿ ಕೆಲವೇ ದಿನಗಳಲ್ಲಿ ಮುಗಿಯುವಂಥದ್ದು.

ಇದಕ್ಕೆ ಪ್ರಧಾನಮಂತ್ರಿ ಆವಾಸ್ ಯೋಜನೆಯಲ್ಲಿ ಹಣ ಇಲ್ಲವೇ ಎಂದು ಕೇಳುತ್ತೀರಿ. 2015ರ ನಗರ ಯೋಜನೆಯಲ್ಲಿ ಸ್ವಂತ ಜಾಗದಲ್ಲಿ ಕಟ್ಟುವವರಿಗೆ ಕೇಂದ್ರ 1.50 ಲಕ್ಷ ರೂಪಾಯಿ ಕೊಡುತ್ತಿತ್ತು. ಇರುವ ಮನೆ ವಿಸ್ತರಿಸುವುದಾದರೆ ಕನಿಷ್ಠ 9 ಚದರ ಮೀಟರ್ ಹೊಸದಾಗಿ ಸೇರಿಸಬೇಕಿತ್ತು. ಬಾಗಿಲು ಅಗಲಿಸಿದರೆ ಒಂದು ಚದರ ಮೀಟರೂ ಸೇರುವುದಿಲ್ಲ. ಬಾಡಿಗೆಯವರಿಗೆ ಸ್ವಂತ ಜಾಗವೇ ಇಲ್ಲ. ಅಪಾರ್ಟ್‌ಮೆಂಟ್ ಮಾದರಿಯಲ್ಲಿ ಕಟ್ಟಿದ ಕಡೆ ಅಂಗವಿಕಲರ ಕುಟುಂಬಕ್ಕೆ ಕೆಳ ಅಂತಸ್ತು ಕೊಡಬೇಕೆಂಬ ಸೂಚನೆ ಇದೆ. ಅದು ಒಳ್ಳೆಯದೇ, ಆದರೆ ಆ ಕಟ್ಟಡಗಳು ಎಲ್ಲಿವೆ ಅಂತ ಆಗಲೇ ಹೇಳಿದೆ. 2024ರಲ್ಲಿ ಶುರುವಾದ ಎರಡನೇ ಹಂತದಲ್ಲಿ ಬಾಡಿಗೆ ವಸತಿಗೆ ಪ್ರತ್ಯೇಕ ವಿಭಾಗ ಮಾಡಿದ್ದಾರೆ. ನನಗೆ ಆಸೆ ಇರುವುದು ಅದರ ಮೇಲೆ.

ಇಂಗ್ಲೆಂಡಿನಲ್ಲಿ ಮನೆ ಮಾರ್ಪಾಡಿಗೆಂದೇ ಸ್ಥಳೀಯ ಸಂಸ್ಥೆಗಳು ಅನುದಾನ ಕೊಡುತ್ತವೆ, ಗರಿಷ್ಠ 30,000 ಪೌಂಡ್. ಬಾಡಿಗೆದಾರರೂ ಅರ್ಜಿ ಹಾಕಬಹುದು. ಮಾಲೀಕನ ಒಪ್ಪಿಗೆ ಬೇಕು, ಐದು ವರ್ಷ ಅಲ್ಲೇ ಇರುವ ಉದ್ದೇಶವಿದೆ ಎಂದು ಬರೆದುಕೊಡಬೇಕು. ಸಿಂಗಪುರದಲ್ಲಿ 2012ರಿಂದ ಸರ್ಕಾರಿ ಫ್ಲ್ಯಾಟುಗಳ ವೃದ್ಧರಿಗೆ ಹಿಡಿಕೆ, ಜಾರದ ನೆಲ, ಸಣ್ಣ ರ‍್ಯಾಂಪ್ ಹಾಕಿಕೊಡುತ್ತಾರೆ, ಖರ್ಚಿನ ಬಹುಪಾಲು ಸರ್ಕಾರದ್ದು. ನಮ್ಮ ಹತ್ತಿರ ಅಷ್ಟು ದುಡ್ಡಿಲ್ಲ, ನಿಜ. ಆದರೆ ನಮ್ಮ ಶೇ. 5ರ ಸಾಲು ಇದಕ್ಕೆಂದೇ ಹೇಳಿ ಮಾಡಿಸಿದಂತಿದೆ. ಒಂದು ಮನೆಗೆ ಸರಾಸರಿ ಎರಡು ಲಕ್ಷ ಅಂತ ಇಟ್ಟುಕೊಂಡರೆ ಒಂದು ಕೋಟಿಗೆ ಐವತ್ತು ಮನೆ. ಬೆಳಗಾವಿಯಲ್ಲಿ 58 ವಾರ್ಡುಗಳಿವೆ. ವಾರ್ಡಿಗೊಂದು ಅಂತ ಶುರು ಮಾಡಿದರೂ ಮೂರ್ನಾಲ್ಕು ವರ್ಷದಲ್ಲಿ ಊರಿನ ಗೌಂಡಿಗಳಿಗೆ ಈ ಕೆಲಸ ಕೈಗೂಡುತ್ತದೆ. ಎಸ್ಟಿಮೇಟು ಮಾತ್ರ ಒಂದೇ ಅಚ್ಚಿನದಾಗಬಾರದು. ಒಂದು ಮಾದರಿ ನಕ್ಷೆ ಮಾಡಿ ಐವತ್ತು ಮನೆಗೂ ಅಂಟಿಸುವುದು ನಮ್ಮ ಇಲಾಖೆಗಳ ಹಳೇ ಚಾಳಿ. ಅಂಗವಿಕಲರ ನೆರವಿಗೆಂದೇ ನಗರ ಪುನರ್ವಸತಿ ಕಾರ್ಯಕರ್ತರು ಇದ್ದಾರೆ, ಯಾರ ಮನೆಯಲ್ಲಿ ಏನು ಅಡ್ಡಿ ಎಂದು ಎಂಜಿನಿಯರನಿಗಿಂತ ಅವರಿಗೆ ಚೆನ್ನಾಗಿ ಗೊತ್ತು. ಅವರ ವರದಿಯೇ ಎಸ್ಟಿಮೇಟಿನ ಮೊದಲ ಪುಟ ಆಗಬೇಕು. ಅವರ ಗೌರವಧನದ ಬಗ್ಗೆ ಈಗ ಬಾಯಿ ತೆರೆದರೆ ಉಪನ್ಯಾಸ ಬೇರೆ ದಾರಿ ಹಿಡಿಯುತ್ತದೆ, ಬಿಡಿ.

ಈಗ ಕಠಿಣ ಭಾಗ. ಖಡೇ ಬಜಾರದಲ್ಲಿ ನೆಲ ಅಂತಸ್ತು ಅಂದರೆ ಅಂಗಡಿ. ಅರಿವೆ ಅಂಗಡಿ, ಬಂಗಾರದ ಅಂಗಡಿ ಕೊಡುವ ಬಾಡಿಗೆ ಯಾವ ಸಂಸಾರವೂ ಕೊಡಲಾರದು. ಹೀಗಾಗಿ ಪೇಟೆಯಲ್ಲಿ ಮನೆಗಳೆಲ್ಲ ಮಾಳಿಗೆ ಮೇಲೆ, ಕಡಿದಾದ ಮೆಟ್ಟಿಲ ತುದಿಯಲ್ಲಿ. ನೆಲದ ಮಟ್ಟದ ಮನೆ ಯಾರಿಗೆ ಬೇಕೋ ಅವರು ಪೇಟೆಯ ಅತಿ ದುಬಾರಿ ಜಾಗಕ್ಕೆ ವ್ಯಾಪಾರಿಯ ಜೊತೆ ಪೈಪೋಟಿ ಮಾಡಬೇಕು. ಇದನ್ನು ಅನುದಾನದಿಂದ ಗೆಲ್ಲಲಾಗದು. ವ್ಯಾಪಾರವನ್ನೇ ಜೊತೆಗೆ ಸೇರಿಸಿಕೊಳ್ಳಬೇಕು.

ಪಾಲಿಕೆಗಳ ಕೈಯಲ್ಲಿ ಪೇಟೆಯ ನಡುವೆ ಹಳೆಯ ಮಳಿಗೆಗಳಿವೆ, ಶಿಥಿಲವಾದ ಕ್ವಾರ್ಟರ್ಸ್ ಇವೆ. ಹೇಗೂ ಒಂದು ದಿನ ಅವನ್ನು ಕೆಡವಿ ಕಟ್ಟುತ್ತಾರೆ. ಆಗ ಕೆಳಗೆ ಅಂಗಡಿ ಇರಲಿ, ಮೇಲೆ ಎರಡು ಅಂತಸ್ತು ಮನೆ ಇರಲಿ, ಲಿಫ್ಟ್ ಇರಲಿ. ಮನೆಗಳಲ್ಲಿ ಒಂದು ಪಾಲು ಅಂಗವಿಕಲರಿಗೆ, ಉಳಿದವು ಎಲ್ಲರಿಗೂ, ಎಲ್ಲವೂ ಬಾಡಿಗೆಗೆ. ಜಾಗ ಪಾಲಿಕೆಯದೇ ಆದ್ದರಿಂದ ಪೇಟೆಯಲ್ಲಿ ಅತಿ ದೊಡ್ಡ ಖರ್ಚಾದ ಜಮೀನಿನ ಬೆಲೆ ಬೀಳುವುದಿಲ್ಲ. ಕಟ್ಟಡದ ಖರ್ಚಿಗೆ ಬಾಡಿಗೆ ವಸತಿಯ ನೆರವು, ಶಾಸಕರ ಪ್ರದೇಶಾಭಿವೃದ್ಧಿ ನಿಧಿ, ಪಾಲಿಕೆಯ ಸಾಲ, ಮಳಿಗೆಗಳ ಮುಂಗಡ ಠೇವಣಿ ಸೇರಿಸಬಹುದು. ಅಮೆರಿಕದಲ್ಲಿ ಕೇಂದ್ರದ ಹಣ ಪಡೆದು ಹೊಸದಾಗಿ ಕಟ್ಟುವ ವಸತಿ ಸಮುಚ್ಚಯದಲ್ಲಿ ಶೇ. 5ರಷ್ಟು ಮನೆ ಚಲನ ವೈಕಲ್ಯದವರಿಗೆ, ಇನ್ನೂ ಶೇ. 2ರಷ್ಟು ದೃಷ್ಟಿ ಅಥವಾ ಶ್ರವಣ ದೋಷದವರಿಗೆ ಹೊಂದುವಂತೆ ಇರಲೇಬೇಕು. ಆ ಎರಡನೆಯ ಅಂಕಿ ನನಗೆ ಇಷ್ಟ. ಕಿವಿ ಕೇಳದವರಿಗೆ ಕರೆಗಂಟೆಯ ಬದಲು ದೀಪ ಬೇಕು ಅನ್ನುವುದು ನಮ್ಮ ಯಾವ ನಕ್ಷೆಯಲ್ಲೂ ಬರುವುದಿಲ್ಲ.

ಲಿಫ್ಟ್ ಅಂದೆ. ಅದನ್ನು ಹಾಕಲು ದುಡ್ಡು ಸಿಗುತ್ತದೆ, ನಡೆಸಲು ಸಿಗುವುದಿಲ್ಲ. ಹಾಕುವುದು ಬಂಡವಾಳ ವೆಚ್ಚ, ಅದಕ್ಕೆ ಉದ್ಘಾಟನೆ ಇದೆ. ವರ್ಷದ ನಿರ್ವಹಣಾ ಕರಾರು, ಕರೆಂಟ್ ಬಿಲ್, ಜನರೇಟರಿನ ಡೀಸೆಲ್, ಇವು ಪ್ರತಿ ವರ್ಷ ಬೇಕು, ಇವಕ್ಕೆ ರಿಬ್ಬನ್ ಕತ್ತರಿಸಲು ಯಾರೂ ಬರುವುದಿಲ್ಲ. ಕೆಟ್ಟ ಲಿಫ್ಟಿನ ಮೂರನೇ ಅಂತಸ್ತಿನಲ್ಲಿ ಗಾಲಿಕುರ್ಚಿಯವರನ್ನು ಇಡುವುದು ಊರಾಚೆ ಇಡುವುದಕ್ಕಿಂತ ಕ್ರೂರ. ಆದ್ದರಿಂದ ಕೆಳಗಿನ ಅಂಗಡಿಗಳ ಬಾಡಿಗೆಯ ಒಂದು ನಿಶ್ಚಿತ ಪಾಲು ಪಾಲಿಕೆಯ ಸಾಮಾನ್ಯ ನಿಧಿಗೆ ಹೋಗದೆ ಅದೇ ಕಟ್ಟಡದ ಹೆಸರಿನ ಖಾತೆಗೆ ಬೀಳಬೇಕು. ಸಾಮಾನ್ಯ ನಿಧಿಗೆ ಹೋದ ದುಡ್ಡು ಲಿಫ್ಟಿಗೆ ವಾಪಸು ಬಂದದ್ದನ್ನು ನಾನು ಕಂಡಿಲ್ಲ.

ಒಂದು ಆಕ್ಷೇಪಣೆ ಬಂದೇ ಬರುತ್ತದೆ. ಸಾರ್ವಜನಿಕ ಹಣದಲ್ಲಿ ಖಾಸಗಿ ಮಾಲೀಕನ ಬಚ್ಚಲ ರಿಪೇರಿ ಮಾಡಿಕೊಟ್ಟರೆ ಲಾಭ ಅವನಿಗಲ್ಲವೇ, ನಾಳೆ ಬಾಡಿಗೆಯವರನ್ನು ಬಿಡಿಸಿದರೆ? ನ್ಯಾಯವಾದ ಪ್ರಶ್ನೆ, ಆಡಿಟ್‌ನವರು ಮೊದಲು ಕೇಳುವುದೂ ಇದನ್ನೇ. ಕೆಲಸ ಶುರುವಾಗುವ ಮೊದಲು ಐದು ವರ್ಷದ ಬಾಡಿಗೆ ಕರಾರು ನೋಂದಣಿ ಆಗಬೇಕು, ಪಾಲಿಕೆ ಅದರಲ್ಲಿ ಮೂರನೇ ಪಕ್ಷಕಾರ ಆಗಬೇಕು. ನಡುವೆ ಬಿಡಿಸಿದರೆ ಉಳಿದ ವರ್ಷಗಳ ಲೆಕ್ಕದಲ್ಲಿ ಹಣವನ್ನು ಆಸ್ತಿ ತೆರಿಗೆ ಬಾಕಿಯಂತೆ ವಸೂಲು ಮಾಡಬೇಕು. ಕರಾರು ಪೂರೈಸಿದವನಿಗೆ ತೆರಿಗೆಯಲ್ಲಿ ಸ್ವಲ್ಪ ರಿಯಾಯಿತಿ ಕೊಟ್ಟರೂ ನನ್ನ ತಕರಾರಿಲ್ಲ.

ಪಾಲಿಕೆಯ ಬಜೆಟ್ ಪೂರ್ವಭಾವಿ ಸಭೆಗೆ ಸಾರ್ವಜನಿಕರನ್ನು ಕರೆಯುತ್ತಾರೆ. ಅಲ್ಲಿ ಎರಡು ವಿಷಯ ಕೇಳಿ. ಶೇ. 5ರ ಕ್ರಿಯಾ ಯೋಜನೆಯಲ್ಲಿ 'ಮನೆ ಮಾರ್ಪಾಡು, ಬಾಡಿಗೆದಾರರೂ ಸೇರಿ' ಎಂಬ ಸಾಲು ಬರಲಿ. ಪೇಟೆಯ ನಡುವೆ ಪಾಲಿಕೆಯ ಯಾವ ಯಾವ ಕಟ್ಟಡದ ಲೀಸ್ ಯಾವಾಗ ಮುಗಿಯುತ್ತದೆಂಬ ಪಟ್ಟಿ ಹೊರಗೆ ಬರಲಿ. ಬಾಯಿಮಾತಿನಲ್ಲಿ ಕೇಳಬೇಡಿ, ಬರೆದುಕೊಡಿ, ಸ್ವೀಕೃತಿಯ ಸೀಲು ಹಾಕಿಸಿಕೊಳ್ಳಿ. ಅರ್ಜಿಯ ಕರಡು ನನ್ನ ಬಳಿ ಇದೆ, ಬೇಕಾದವರು ಜೆರಾಕ್ಸ್ ಮಾಡಿಸಿಕೊಳ್ಳಬಹುದು. ಈಗ ನಿಮ್ಮ ಪ್ರಶ್ನೆಗಳಿದ್ದರೆ ಕೇಳ್ರಿ.