ಅಕ್ಕನ ಮಂಡಿ, ತಂಗಿಯ ಮಂಡಿ

ಎಲ್ಲರಿಗೂ ನಮಸ್ಕಾರ.

ಕಬಡ್ಡಿ, ಖೋ-ಖೋ ಆಡಿಸುವ ಪಿಇ ಮೇಷ್ಟ್ರುಗಳು, ಆಡುವ ಮಕ್ಕಳ ಅಪ್ಪ-ಅಮ್ಮಂದಿರು ಇವತ್ತು ಜಾಸ್ತಿ ಬಂದಿದ್ದೀರಿ. ಫಿಸಿಯೋಥೆರಪಿಸ್ಟ್ ಆಗಿ ನಾನು ಮತ್ತೆ ಮತ್ತೆ ಕೇಳುವ ಒಂದು ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. "ಸಾರ್, ದೊಡ್ಡವಳಿಗೆ ಲಿಗಮೆಂಟ್ ಹರಿದು ಆಪರೇಷನ್ ಆಯ್ತು. ಈಗ ಚಿಕ್ಕವಳೂ ಆಡ್ತೀನಿ ಅಂತಾಳೆ. ಕಳಿಸಬಹುದಾ?"

ಕೇಳುವ ತಾಯಿಗೆ ಭಯ ಇರುತ್ತದೆ. ಅದು ಸುಮ್ನೆ ಹುಟ್ಟಿದ ಭಯ ಅಲ್ಲ.

ಲಿಗಮೆಂಟ್ ಅಂದರೆ ಮೂಳೆಯನ್ನು ಮೂಳೆಗೆ ಕಟ್ಟಿಡುವ ಗಟ್ಟಿ ಪಟ್ಟಿ. ಮಂಡಿಯೊಳಗೆ ಎರಡು ಲಿಗಮೆಂಟ್‌ಗಳು ಒಂದನ್ನೊಂದು ದಾಟಿಕೊಂಡು ಹೋಗುತ್ತವೆ. ಮುಂದಿನದೇ ಎಸಿಎಲ್. ಉದ್ದ ಸುಮಾರು 3 ಸೆಂಟಿಮೀಟರ್, ಅಷ್ಟೇ. ಕೆಳಗಾಲಿನ ಮೂಳೆ ಮುಂದಕ್ಕೆ ಜಾರದಂತೆ ಅದು ಹಿಡಿದಿಟ್ಟುಕೊಳ್ಳುತ್ತದೆ. ಎಷ್ಟೋ ಸಲ ಯಾರೂ ಗುದ್ದದೆಯೇ ಇದು ಹರಿಯುತ್ತದೆ. ಓಡುತ್ತಾ ಗಕ್ಕನೆ ನಿಂತಾಗ, ದಿಕ್ಕು ಬದಲಿಸಿದಾಗ, ಹಾರಿ ನೆಲಕ್ಕಿಳಿದಾಗ. ಅದೇ ಅಂಕಣ, ಅದೇ ಕೋಚ್, ಅದೇ ಅಭ್ಯಾಸ. ಆದರೂ ಹನ್ನೆರಡು ಜನರಲ್ಲಿ ಒಬ್ಬಳಿಗೆ ಮಾತ್ರ ಯಾಕೆ?

ಇದಕ್ಕೆ ಒಳ್ಳೆಯ ಸುಳಿವು ಸಿಕ್ಕಿದ್ದು ಸ್ವೀಡನ್ನಿನಲ್ಲಿ. ಅಲ್ಲಿ 88,000ಕ್ಕೂ ಹೆಚ್ಚು ಅವಳಿಗಳ ಆಸ್ಪತ್ರೆ ದಾಖಲೆ ನೋಡಿದರು. 2020ರಲ್ಲಿ ಫಲಿತಾಂಶ ಬಂತು. ಜೀನ್ ಅಂದರೆ ಅಪ್ಪ-ಅಮ್ಮನಿಂದ ಬರುವ, ದೇಹ ಕಟ್ಟುವ ಸೂಚನೆ. ತದ್ರೂಪಿ ಅವಳಿಗಳ ಜೀನ್‌ಗಳು ಒಂದೇ. ಬೇರೆ ಅವಳಿಗಳದ್ದು ಸರಾಸರಿ ಅರ್ಧ ಮಾತ್ರ ಒಂದೇ. ಎರಡೂ ಬಗೆಯ ಅವಳಿಗಳು ಬೆಳೆಯುವುದು ಒಂದೇ ಮನೆಯಲ್ಲಿ. ಹಾಗಾಗಿ ತದ್ರೂಪಿಗಳಲ್ಲಿ ಇಬ್ಬರಿಗೂ ಎಸಿಎಲ್ ಹರಿಯುವುದು ಜಾಸ್ತಿ ಕಂಡರೆ, ಅದು ಜೀನ್‌ಗಳ ಕಡೆಗೆ ಬೆರಳು ತೋರಿಸುತ್ತದೆ. ಲೆಕ್ಕ ಹಾಕಿದಾಗ ಆನುವಂಶಿಕತೆಯ ಪಾಲು ಸುಮಾರು 69 ಶೇಕಡಾ ಬಂತು.

ಈ ಸಂಖ್ಯೆ ಕೇಳಿ ಗಾಬರಿಯಾಗಬೇಡಿ. ನಿಮ್ಮ ಮಗಳಿಗೆ 69 ಶೇಕಡಾ ಅಪಾಯ ಇದೆ ಅಂತ ಇದರ ಅರ್ಥ ಅಲ್ಲವೇ ಅಲ್ಲ. ಆ ಜನರಲ್ಲಿ ಒಬ್ಬರಿಗೆ ಅಪಾಯ ಹೆಚ್ಚು, ಇನ್ನೊಬ್ಬರಿಗೆ ಕಡಿಮೆ ಇತ್ತಲ್ವಾ, ಆ ವ್ಯತ್ಯಾಸದಲ್ಲಿ ಜೀನ್‌ಗಳ ಪಾಲು ಅಷ್ಟು. ಒಬ್ಬರ ಮಂಡಿಯ ಬಗ್ಗೆ ಅದು ಏನೂ ಹೇಳುವುದಿಲ್ಲ.

ಹಾಗಾದರೆ ಜೀನ್ ಏನು ಮಾಡುತ್ತದೆ? ಹಗ್ಗ ಹೊಸೆಯುವುದನ್ನು ನೋಡಿದ್ದೀರಲ್ಲ. ಲಿಗಮೆಂಟ್ ಕೂಡ ಹಾಗೇ ಹೊಸೆದದ್ದು. ಅದರ ಮುಖ್ಯ ನಾರು ಒಂದನೇ ಬಗೆಯ ಕೊಲಾಜೆನ್. ಮೂರು ಎಳೆಗಳ ಹುರಿ ಅದು: ಎರಡು ಎಳೆ ಒಂದೇ ತರಹ, ಮೂರನೆಯದು ಬೇರೆ. ಆ ಎರಡು ಎಳೆಗಳ ಸೂಚನೆ ಇರುವುದು 17ನೇ ಕ್ರೋಮೋಸೋಮ್‌ನ ಸಿಒಎಲ್1ಎ1 ಜೀನ್‌ನಲ್ಲಿ. ಅದರಲ್ಲಿ ಒಂದೇ ಒಂದು ಅಕ್ಷರ ಬದಲಾದ ರೂಪ ಇದೆ. ಅಪ್ಪ-ಅಮ್ಮ ಇಬ್ಬರಿಂದಲೂ ಆ ರೂಪ ಬಂದವರು ಎಸಿಎಲ್ ಹರಿದವರ ಗುಂಪಿನಲ್ಲಿ ಕಡಿಮೆ ಕಂಡರು. ಇದನ್ನು ಸ್ವೀಡನ್ನಿನಲ್ಲೂ ದಕ್ಷಿಣ ಆಫ್ರಿಕಾದ ಕೇಪ್‌ಟೌನ್‌ನಲ್ಲೂ ನೋಡಿದರು. ನಾರು ಎಷ್ಟು ದಪ್ಪ ಇರಬೇಕು ಎಂದು ನಿಯಂತ್ರಿಸುವ ಐದನೇ ಬಗೆಯ ಕೊಲಾಜೆನ್‌ನ ಜೀನ್ ಇದೆ. ಹಳೆಯ ನಾರನ್ನು ಕತ್ತರಿಸಿ ತೆಗೆಯುವ ಕಿಣ್ವಗಳ ಜೀನ್‌ಗಳಿವೆ. ಇವುಗಳ ಮೇಲೂ ಅಧ್ಯಯನ ನಡೆದಿದೆ. ಆದರೆ ಒಂದು ಕಡೆ ಕಂಡದ್ದು ಇನ್ನೊಂದು ಕಡೆ ಕಾಣುವುದಿಲ್ಲ. ಒಂದೊಂದು ಜೀನ್‌ನ ಪ್ರಭಾವವೂ ಸಣ್ಣದು.

ನಾರು ಮಾತ್ರ ಅಲ್ಲ, ಮೂಳೆಯ ಆಕಾರವೂ ಮನೆತನದಲ್ಲಿ ಬರುತ್ತದೆ. ಎಸಿಎಲ್ ಕೂರುವ ಸಂದಿ ಕೆಲವರಿಗೆ ಕಿರಿದು. ಕೆಲವರ ಕೀಲುಗಳು ಹುಟ್ಟಿನಿಂದಲೇ ಸಡಿಲ.

ಈಗ ನನ್ನನ್ನು ತುಂಬಾ ನೋಯಿಸುವ ವಿಷಯ. ಎಂಜಲು ಕಳಿಸಿ, ಅದರಲ್ಲಿನ ಜೀನ್ ನೋಡಿ ಮಗುವಿಗೆ ಯಾವ ಆಟ ಸರಿ ಎಂದು ಹೇಳುತ್ತೇವೆ ಎನ್ನುವ ಪರೀಕ್ಷೆಗಳು ಮಾರಾಟಕ್ಕಿವೆ. ಪ್ರತಿಭೆ ಗುರುತಿಸಲು, ತರಬೇತಿ ನಿರ್ಧರಿಸಲು ಇಂಥ ಪರೀಕ್ಷೆ ಬೇಡ ಎಂದು ಹಲವು ದೇಶಗಳ ತಜ್ಞರು 2015ರಲ್ಲೇ ಒಟ್ಟಾಗಿ ಹೇಳಿದ್ದಾರೆ. ದಯವಿಟ್ಟು ಆ ದುಡ್ಡಿನಲ್ಲಿ ಮಗಳಿಗೆ ಒಳ್ಳೆಯ ಶೂ ಕೊಡಿಸಿ. ಒಂದು ರಿಪೋರ್ಟ್ ಹಿಡಿದುಕೊಂಡು ಹುಡುಗಿಯನ್ನು ಅಂಕಣದಿಂದ ಹೊರಗೆ ಕೂರಿಸಬೇಡಿ.

ಮೇಷ್ಟ್ರೇ, ನೀವು ಕೇಳಬೇಕಾದದ್ದು ಒಂದೇ ಪ್ರಶ್ನೆ: "ನಿಮ್ಮ ಮನೆಯಲ್ಲಿ ಯಾರಿಗಾದರೂ ಲಿಗಮೆಂಟ್ ಹರಿದಿತ್ತಾ?" ಹೌದು ಎಂದರೆ ಆ ಮಗುವಿನ ಅಭ್ಯಾಸವನ್ನು ಒಂದು ದಿನವೂ ತಪ್ಪಿಸಬೇಡಿ. ಹಾರಿ ಇಳಿಯುವುದು, ತೊಡೆಯ ಹಿಂಭಾಗದ ಬಲ, ಒಂಟಿ ಕಾಲಿನ ಸಮತೋಲನ ಕಲಿಸುವ ವ್ಯಾಯಾಮಗಳನ್ನು ಬಿಡದೆ ಮಾಡಿದರೆ ಎಸಿಎಲ್ ಹರಿಯುವುದು ಸುಮಾರು ಅರ್ಧದಷ್ಟು ಇಳಿಯುತ್ತದೆ. ಒಂದೇ ಆಟದಲ್ಲಿ ಹುಡುಗರಿಗಿಂತ ಹುಡುಗಿಯರಿಗೆ ಅಪಾಯ ಜಾಸ್ತಿ. ಅವರಿಗೆ ಇದು ಇನ್ನೂ ಮುಖ್ಯ.

ಹಾಗಾಗಿ ಆ ತಾಯಿಗೆ ನನ್ನ ಉತ್ತರ: ಕಳಿಸಿ ಅಮ್ಮಾ, ಆದರೆ ಮೊದಲು ಇಳಿಯುವುದನ್ನು ಕಲಿಸಿ.

ಮುಂದಿನ ಸಾಲಿನ ಹುಡುಗಿಯರು ಇಬ್ಬರು ವೇದಿಕೆಗೆ ಬನ್ನಿ. ಈ ಸ್ಟೂಲಿನ ಮೇಲಿಂದ ಹಾರಿ ಇಳಿಯಿರಿ. ಉಳಿದವರೆಲ್ಲ ಅವರ ಮಂಡಿಯನ್ನೇ ನೋಡಿ. ಒಳಕ್ಕೆ ವಾಲುತ್ತಿದೆಯಾ, ಪಾದದ ನೇರಕ್ಕೆ ಇದೆಯಾ, ಹೇಳಿ.