ಗೌರವಧನ ಎಂಬ ಹೆಸರಿನ ಕೂಲಿ

ಕೇಳುಗರೆಲ್ಲರಿಗೂ ನಮಸ್ಕಾರ.

ನಮ್ಮ ಯಾವ ಹಳ್ಳಿಗೆ ಹೋಗಿ ಮೂರು ವರ್ಷದ ಮಗುವನ್ನು ಮಾತಾಡಿಸಿದರೂ, ಅಂಗನವಾಡಿಯಲ್ಲಿ ತನಗೆ ಹಾಡು ಹೇಳಿಕೊಡುವ ಹೆಂಗಸನ್ನು ಅದು 'ಟೀಚರ್' ಎನ್ನುತ್ತದೆ, ಕೈ ತೊಳೆಸಿ ಊಟಕ್ಕೆ ಕೂರಿಸುವವರನ್ನು 'ಆಯಮ್ಮ' ಎನ್ನುತ್ತದೆ. ಮಗುವಿನ ತಂದೆತಾಯಿಗಳೂ ಹಾಗೆಯೇ ಕರೆಯುತ್ತಾರೆ. ಸರ್ಕಾರದ ಕಡತದಲ್ಲಿ ಮಾತ್ರ ಈ ಇಬ್ಬರೂ ನೌಕರರಲ್ಲ, ಕೂಲಿಕಾರರೂ ಅಲ್ಲ. ಸಮುದಾಯದಿಂದ ಆರಿಸಿಕೊಂಡ, ಸ್ವಇಚ್ಛೆಯಿಂದ ಸೇವೆಗೆ ಬಂದ ಗೌರವ ಕಾರ್ಯಕರ್ತೆಯರು ಎಂಬುದು ಅಲ್ಲಿ ಅವರಿಗಿರುವ ಸ್ಥಾನ. ತಿಂಗಳ ಕೊನೆಗೆ ಅವರ ಖಾತೆಗೆ ಸೇರುವ ಹಣಕ್ಕೂ ಸಂಬಳವೆಂಬ ಹೆಸರಿಲ್ಲ, ಅದನ್ನು ಗೌರವಧನ ಎನ್ನುತ್ತಾರೆ. ಈ ಒಂದು ಪದ ಐವತ್ತು ವರ್ಷಗಳಿಂದ ಲಕ್ಷಾಂತರ ಬಡ ಹೆಂಗಸರ ಬದುಕಿನ ಮೇಲೆ ಏನು ಮಾಡಿದೆ ಎಂಬುದನ್ನು ಇಂದು ನಿಮ್ಮ ಮುಂದೆ ಇಡಬೇಕೆಂದುಕೊಂಡಿದ್ದೇನೆ.

ಅಂಗನವಾಡಿಗಳನ್ನು ನಡೆಸುವ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಪ್ರಾರಂಭವಾದದ್ದು 1975ರ ಅಕ್ಟೋಬರ್ 2ರಂದು, ದೇಶದ 33 ಕಡೆಗಳಲ್ಲಿ, ಪ್ರಯೋಗದ ರೂಪದಲ್ಲಿ. ಕರ್ನಾಟಕದಲ್ಲಿ ಅದಕ್ಕೆ ಆಯ್ಕೆಯಾದದ್ದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ. ಅಲ್ಲಿ ನೂರು ಅಂಗನವಾಡಿಗಳು ತೆರೆದವು. ವಿಶ್ವಸಂಸ್ಥೆ ಅಂತರರಾಷ್ಟ್ರೀಯ ಮಹಿಳಾ ವರ್ಷವೆಂದು ಸಾರಿದ್ದೂ ಅದೇ 1975ನ್ನು. ಅಂದು ನೂರಿದ್ದ ಕೇಂದ್ರಗಳು ಇಂದು ನಮ್ಮ ರಾಜ್ಯದಲ್ಲಿ 65 ಸಾವಿರವನ್ನು ದಾಟಿವೆ, ದೇಶದಲ್ಲಿ ಹದಿನಾಲ್ಕು ಲಕ್ಷದ ಹತ್ತಿರವಿವೆ. ಇಷ್ಟು ದೊಡ್ಡ ವ್ಯವಸ್ಥೆ, ಊರಿನ ಒಬ್ಬ ಹೆಂಗಸು ಬಿಡುವಿನ ವೇಳೆಯಲ್ಲಿ ನಾಲ್ಕು ಮಕ್ಕಳನ್ನು ಕೂರಿಸಿಕೊಂಡು ಆಡಿಸುತ್ತಾಳೆ ಎಂಬ ಮೊದಲ ದಿನದ ಕಲ್ಪನೆಯ ಮೇಲೆಯೇ ಇಂದಿಗೂ ನಿಂತಿದೆ.

ಆ ಹೆಂಗಸಿನ ದಿನ ಹೇಗಿರುತ್ತದೆ ನೋಡಿ. ಬೆಳಿಗ್ಗೆ ಬಾಗಿಲು ತೆರೆದು, ಮನೆಮನೆಗೆ ಹೋಗಿ ಮಕ್ಕಳನ್ನು ಕರೆತರಬೇಕು. ಹಾಡು, ಕಥೆ, ಅಕ್ಷರ, ಊಟ, ನಿದ್ದೆ ಎಲ್ಲವೂ ಆಗಬೇಕು. ತಿಂಗಳಿಗೊಮ್ಮೆ ಪ್ರತಿ ಮಗುವಿನ ತೂಕ ಮತ್ತು ಎತ್ತರ ಅಳೆದು ಬರೆಯಬೇಕು. ತೂಕ ಇಳಿದ ಮಗುವಿದ್ದರೆ ಅದರ ತಾಯಿಯನ್ನು ಕರೆದು ಮಾತಾಡಿ, ಆಸ್ಪತ್ರೆಗೆ ಕಳಿಸಬೇಕು. 2017ರ ಅಕ್ಟೋಬರ್‌ನಲ್ಲಿ ಮಾತೃಪೂರ್ಣ ಯೋಜನೆ ಬಂದ ಮೇಲೆ ಗರ್ಭಿಣಿಯರಿಗೂ ಬಾಣಂತಿಯರಿಗೂ ಮಧ್ಯಾಹ್ನದ ಬಿಸಿಯೂಟದ ಹೊಣೆ ಸೇರಿಕೊಂಡಿತು. 2021ರಲ್ಲಿ ಪೋಷಣ್ ಟ್ರ್ಯಾಕರ್ ಎಂಬ ಮೊಬೈಲ್ ಆ್ಯಪ್ ಬಂದ ಮೇಲೆ, ಪುಸ್ತಕದಲ್ಲಿ ಬರೆದದ್ದನ್ನೇ ಮತ್ತೊಮ್ಮೆ ಮೊಬೈಲ್‌ನಲ್ಲಿ ತುಂಬುವ ಕೆಲಸ ಬಂತು. ನೆಟ್‌ವರ್ಕ್ ಇಲ್ಲದ ಊರಿನಲ್ಲಿ ಅದಕ್ಕಾಗಿಯೇ ಮನೆಯ ಮಾಳಿಗೆ ಹತ್ತಬೇಕು, ಇಲ್ಲವೇ ರಸ್ತೆಯ ತಿರುವಿನವರೆಗೆ ನಡೆಯಬೇಕು. ಇವೆಲ್ಲದರ ನಡುವೆ ಮತದಾರರ ಪಟ್ಟಿಯ ಪರಿಷ್ಕರಣೆ, ಬಗೆಬಗೆಯ ಸಮೀಕ್ಷೆ, ಹೊಸ ಯೋಜನೆಗಳಿಗೆ ಫಲಾನುಭವಿಗಳ ನೋಂದಣಿ. ಮೊಟ್ಟೆಯ ದರ ಏರಿದಾಗ, ಸಿಲಿಂಡರಿನ ಹಣ ತಡವಾದಾಗ, ಕಟ್ಟಡದ ಬಾಡಿಗೆ ತಿಂಗಳುಗಟ್ಟಲೆ ಬಾರದಿದ್ದಾಗ ಮೊದಲು ಕೈಯಿಂದ ಹಾಕುವವಳು ಅವಳೇ ಎಂಬುದು ಕಾರ್ಯಕರ್ತೆಯರ ಬಹುಕಾಲದ ದೂರು. ಸಂಜೆ ನಾಲ್ಕಕ್ಕೆ ಬಾಗಿಲು ಹಾಕಿದರೂ ಕೆಲಸ ಮುಗಿದಿರುವುದಿಲ್ಲ.

ಇದಕ್ಕೆ ದೊರೆಯುವುದೆಷ್ಟು? ಕೇಂದ್ರ ಸರ್ಕಾರ ಕಾರ್ಯಕರ್ತೆಯ ಗೌರವಧನವನ್ನು ಕೊನೆಯ ಸಲ ಏರಿಸಿದ್ದು 2018ರ ಅಕ್ಟೋಬರ್‌ನಲ್ಲಿ. ಆಗ 3,000 ರೂಪಾಯಿ ಇದ್ದದ್ದು 4,500 ಆಯಿತು, ಸಹಾಯಕಿಯರಿಗೆ, ಎಂದರೆ ಆಯಮ್ಮಂದಿರಿಗೆ, 1,500 ಇದ್ದದ್ದು 2,250 ಆಯಿತು. ಈ ಮೊತ್ತದಲ್ಲಿಯೂ ನಮ್ಮಂತಹ ರಾಜ್ಯಗಳಿಗೆ ಕೇಂದ್ರ ಭರಿಸುವುದು ಶೇ 60 ಮಾತ್ರ. ಎಂದರೆ ಒಬ್ಬ ಕಾರ್ಯಕರ್ತೆಗೆ ದೆಹಲಿಯಿಂದ ಬರುವುದು ತಿಂಗಳಿಗೆ 2,700 ರೂಪಾಯಿ. 4,500 ರೂಪಾಯಿಯನ್ನು ತಿಂಗಳ 26 ಕೆಲಸದ ದಿನಗಳಿಗೆ ಹಂಚಿದರೆ ದಿನಕ್ಕೆ 173 ರೂಪಾಯಿ. 2025-26ರಲ್ಲಿ ಕರ್ನಾಟಕಕ್ಕೆ ಇದೇ ಕೇಂದ್ರ ಸರ್ಕಾರ ನಿಗದಿ ಮಾಡಿದ ಉದ್ಯೋಗ ಖಾತ್ರಿಯ ದಿನಗೂಲಿ 370 ರೂಪಾಯಿ. ರಾಜ್ಯ ಸರ್ಕಾರ ತನ್ನ ಕಡೆಯಿಂದ ಹೆಚ್ಚಿನ ಹಣ ಸೇರಿಸುವುದರಿಂದ ನಮ್ಮ ಕಾರ್ಯಕರ್ತೆಯರಿಗೆ ಒಟ್ಟಾರೆ ಹತ್ತು ಸಾವಿರಕ್ಕಿಂತ ತುಸು ಹೆಚ್ಚು ಸಿಗುತ್ತದೆ, ಅದನ್ನು ಹೇಳದೆ ಹೋದರೆ ತಪ್ಪಾಗುತ್ತದೆ. ಆದರೆ ರಾಜ್ಯದ ಏಳನೇ ವೇತನ ಆಯೋಗದ ಶಿಫಾರಸಿನಂತೆ 2024ರ ಆಗಸ್ಟ್‌ನಿಂದ ಸರ್ಕಾರಿ ನೌಕರರ ಕನಿಷ್ಠ ಮೂಲ ವೇತನ 27,000 ರೂಪಾಯಿ ಆಗಿದೆ ಎಂಬುದನ್ನೂ ಪಕ್ಕದಲ್ಲಿಟ್ಟು ನೋಡಬೇಕು. ಆ ನೌಕರರಿಗೆ ಅಷ್ಟು ಕೊಟ್ಟದ್ದು ನ್ಯಾಯವಾಗಿಯೇ ಇದೆ. ಒಂದೇ ಸರ್ಕಾರದ ಒಂದೇ ಇಲಾಖೆಯಲ್ಲಿ, ಒಂದೇ ಮಗುವಿನ ಲೆಕ್ಕ ಬರೆಯುವ ಇಬ್ಬರಲ್ಲಿ ಒಬ್ಬರಿಗೆ ವೇತನ ಆಯೋಗ, ತುಟ್ಟಿಭತ್ಯೆ, ರಜೆ, ಪಿಂಚಣಿ ಇರುವಾಗ ಇನ್ನೊಬ್ಬರಿಗೆ ಇವು ಅದೇ ರೀತಿಯಲ್ಲಿ ಏಕಿಲ್ಲ ಎಂಬುದಷ್ಟೇ ನನ್ನ ಪ್ರಶ್ನೆ.

ಅಂಗನವಾಡಿಗಿಂತಲೂ ಕೆಳಗಿನ ಮೆಟ್ಟಿಲಿನಲ್ಲಿ ಶಾಲೆಯ ಬಿಸಿಯೂಟದ ಅಡುಗೆಯವರಿದ್ದಾರೆ. ಸರ್ಕಾರಿ ಶಾಲೆಗಳ ಮಕ್ಕಳಿಗೆ ಬೇಯಿಸಿದ ಊಟ ಕೊಡಬೇಕೆಂದು ಸುಪ್ರೀಂ ಕೋರ್ಟ್ ಆದೇಶಿಸಿದ್ದು 2001ರ ನವೆಂಬರ್ 28ರಂದು. ಅದರ ಮರುವರ್ಷವೇ ನಮ್ಮಲ್ಲಿ ಅಕ್ಷರ ದಾಸೋಹವು ಈಶಾನ್ಯ ಭಾಗದ ಜಿಲ್ಲೆಗಳಿಂದ ಶುರುವಾಯಿತು. ಹಸಿದ ಹೊಟ್ಟೆಯಲ್ಲಿ ಪಾಠ ಕೇಳುತ್ತಿದ್ದ ಮಕ್ಕಳಿಗೆ ಅದು ಎಂಥ ಬದಲಾವಣೆ ತಂದಿತೆಂಬುದನ್ನು ಆ ಕಾಲದ ಶಿಕ್ಷಕರನ್ನು ಕೇಳಿ ತಿಳಿಯಬೇಕು. ದೇಶದಲ್ಲಿ ಸುಮಾರು 25 ಲಕ್ಷ ಮಂದಿ, ಬಹುಪಾಲು ಹೆಂಗಸರು, ಈ ಅಡುಗೆ ಮಾಡುತ್ತಿದ್ದಾರೆ. 2009ರ ಡಿಸೆಂಬರ್‌ನಲ್ಲಿ ಕೇಂದ್ರವು ಅವರಿಗೆ ತಿಂಗಳಿಗೆ 1,000 ರೂಪಾಯಿ ಗೌರವಧನ ನಿಗದಿ ಮಾಡಿತು. ಅಲ್ಲಿಂದೀಚೆಗೆ ಅಕ್ಕಿಯ ಬೆಲೆ, ಬೇಳೆಯ ಬೆಲೆ, ಬಸ್ ಚಾರ್ಜು ಎಲ್ಲವೂ ಎಷ್ಟು ಏರಿವೆಯೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ಆ 1,000 ಮಾತ್ರ 1,000 ಆಗಿಯೇ ಉಳಿದಿದೆ. ಅದೂ ವರ್ಷಕ್ಕೆ ಹತ್ತು ತಿಂಗಳು ಮಾತ್ರ, ಏಕೆಂದರೆ ಉಳಿದೆರಡು ತಿಂಗಳು ಶಾಲೆಗೆ ರಜೆ. ದಿನಕ್ಕೆ ನಾಲ್ಕೇ ಗಂಟೆ ದುಡಿಯುತ್ತಾರೆಂದು ಒಪ್ಪಿಕೊಂಡು ಲೆಕ್ಕ ಹಾಕಿದರೂ ಗಂಟೆಗೆ ಹನ್ನೆರಡು ರೂಪಾಯಿ ಬೀಳುವುದಿಲ್ಲ. ಇಲ್ಲಿಯೂ ರಾಜ್ಯಗಳು ತಮ್ಮ ಪಾಲು ಸೇರಿಸುತ್ತವೆ, ಆದರೂ ಒಂದು ಸಂಸಾರ ನಡೆಯುವಷ್ಟು ಮೊತ್ತ ಅದಾಗುವುದಿಲ್ಲ. ಬೆಳಗಾಗುತ್ತಲೇ ನೂರಾರು ಮಕ್ಕಳ ಅಕ್ಕಿ ತೊಳೆದು, ತರಕಾರಿ ಹೆಚ್ಚಿ, ಕುದಿಯುವ ಸಾಂಬಾರಿನ ಪಾತ್ರೆಯನ್ನು ಇಬ್ಬರು ಹಿಡಿದು ಇಳಿಸಿ, ಬಡಿಸಿ, ಪಾತ್ರೆ ಬೆಳಗಿ ಮನೆಗೆ ಹೋಗುವ ಹೊತ್ತಿಗೆ ಬೇರೆ ಕೂಲಿಗೆ ಹೋಗುವ ವೇಳೆಯೂ ಮುಗಿದಿರುತ್ತದೆ.

ಈ ಅಡುಗೆಮನೆಯಲ್ಲಿ ಇನ್ನೊಂದು ಕಷ್ಟವಿದೆ. ಅಡುಗೆಯವರ ನೇಮಕದಲ್ಲಿ ದಲಿತರಿಗೆ ಮತ್ತು ಪರಿಶಿಷ್ಟ ಪಂಗಡದವರಿಗೆ ಆದ್ಯತೆ ಕೊಡಬೇಕೆಂದು ಸುಪ್ರೀಂ ಕೋರ್ಟ್ 2004ರ ಏಪ್ರಿಲ್‌ನಲ್ಲಿ ಹೇಳಿತು. ಮಕ್ಕಳು ಒಟ್ಟಿಗೆ ಕೂತು, ಯಾರೇ ಬೇಯಿಸಿದ ಅನ್ನವನ್ನಾದರೂ ಉಣ್ಣುವುದು ಪಠ್ಯಪುಸ್ತಕದ ಸಮಾನತೆಗಿಂತ ದೊಡ್ಡ ಪಾಠವೆಂದು ನಾನು ನಂಬಿದ್ದೇನೆ. ಆದರೂ ದಲಿತ ಮಹಿಳೆ ಅಡುಗೆ ಮಾಡುತ್ತಾಳೆಂಬ ಕಾರಣಕ್ಕೆ ಮಕ್ಕಳನ್ನು ಊಟ ಬಿಡಿಸುವ, ಶಾಲೆಯನ್ನೇ ಬಿಡಿಸುವ ಸುದ್ದಿಗಳು ನಮ್ಮ ರಾಜ್ಯದಿಂದಲೂ ಬರುತ್ತಲೇ ಇವೆ. ಅಂಥ ಹೊತ್ತಿನಲ್ಲಿ ಆ ಹೆಂಗಸು ಗಟ್ಟಿಯಾಗಿ ನಿಲ್ಲಬೇಕಾದರೆ ಅವಳ ಕೆಲಸ ಗಟ್ಟಿಯಾಗಿರಬೇಕು. ನೇಮಕಾತಿಯ ಆದೇಶವಿಲ್ಲದ, ಯಾವ ದಿನ ಬೇಕಾದರೂ ಬೇಡವೆನ್ನಬಹುದಾದ ಗೌರವ ಸೇವೆಯನ್ನು ನಂಬಿಕೊಂಡು ಊರಿನ ಬಲಾಢ್ಯರನ್ನು ಅವಳು ಹೇಗೆ ಎದುರಿಸಿಯಾಳು? ಸಾಮಾಜಿಕ ನ್ಯಾಯದ ಮಾತೂ ಸಂಬಳದ ಮಾತೂ ಇಲ್ಲಿ ಒಂದೇ ಆಗಿಬಿಡುತ್ತವೆ.

ನ್ಯಾಯಾಲಯಗಳು ಈ ವಿಷಯದಲ್ಲಿ ನಡೆದುಬಂದ ದಾರಿಯನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಮೊದಲ ದೊಡ್ಡ ತೀರ್ಪು ಕರ್ನಾಟಕದಿಂದಲೇ ಹೋದ ಮೊಕದ್ದಮೆಯದು. ಅಂಗನವಾಡಿ ಕಾರ್ಯಕರ್ತೆಯರು ಸರ್ಕಾರಿ ಹುದ್ದೆಯಲ್ಲಿರುವವರಲ್ಲ, ಆದ್ದರಿಂದ ಆಡಳಿತ ನ್ಯಾಯಮಂಡಳಿಗೆ ಅವರ ಅಹವಾಲು ಕೇಳುವ ಅಧಿಕಾರವಿಲ್ಲ ಎಂದು 2006ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿತು. ಇದು ಕಾಯ್ದೆಯ ಬಲವಿಲ್ಲದ ಬರಿಯ ಯೋಜನೆ ಎಂಬುದು ಅಂದಿನ ಮುಖ್ಯ ಕಾರಣಗಳಲ್ಲಿ ಒಂದು. ಆಮೇಲೆ 2013ರಲ್ಲಿ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ ಬಂತು; ಗರ್ಭಿಣಿಯ, ಬಾಣಂತಿಯ, ಆರು ವರ್ಷದೊಳಗಿನ ಮಗುವಿನ ಊಟ ಕಾನೂನಿನ ಹಕ್ಕಾಯಿತು. ಆ ಹಕ್ಕು ಜನರಿಗೆ ತಲುಪುವುದು ಅಂಗನವಾಡಿಯ ಮೂಲಕವೇ. ಗುಜರಾತಿನ ಕಾರ್ಯಕರ್ತೆಯರು ಗ್ರಾಚ್ಯುಟಿ, ಎಂದರೆ ಕೆಲಸದಿಂದ ನಿವೃತ್ತರಾಗುವಾಗ ಸಿಗುವ ಇಡುಗಂಟು, ಕೇಳಿ ಹೂಡಿದ ಮೊಕದ್ದಮೆಯಲ್ಲಿ ನ್ಯಾಯಮೂರ್ತಿಗಳಾದ ಅಜಯ್ ರಸ್ತೋಗಿ ಮತ್ತು ಅಭಯ್ ಎಸ್. ಓಕಾ 2022ರ ಏಪ್ರಿಲ್ 25ರಂದು ಇದನ್ನೇ ಎತ್ತಿ ಹಿಡಿದರು. ಇದು ಅರೆಕಾಲಿಕ ಕೆಲಸವೆಂಬ ವಾದವನ್ನು ಒಪ್ಪಲಾಗದು, ಗೌರವಧನವೂ ಗ್ರಾಚ್ಯುಟಿ ಕಾಯ್ದೆಯ ಅರ್ಥದಲ್ಲಿ ವೇತನವೇ, ಆದ್ದರಿಂದ ಕಾರ್ಯಕರ್ತೆಗೂ ಸಹಾಯಕಿಗೂ ಗ್ರಾಚ್ಯುಟಿ ಸಲ್ಲಬೇಕು ಎಂಬುದು ಆ ತೀರ್ಪಿನ ಸಾರ. 2025ರ ಆಗಸ್ಟ್‌ನಲ್ಲಿ ಗುಜರಾತ್ ಹೈಕೋರ್ಟ್ ಇನ್ನೂ ಮುಂದೆ ಹೋಗಿ, ಕಾರ್ಯಕರ್ತೆಗೆ ತಿಂಗಳಿಗೆ 24,800 ಮತ್ತು ಸಹಾಯಕಿಗೆ 20,300 ರೂಪಾಯಿ ಕನಿಷ್ಠ ವೇತನ ಕೊಡಬೇಕೆಂದಿತು.

ಗ್ರಾಚ್ಯುಟಿಯ ತೀರ್ಪಿಗೂ ಮೊದಲೇ, 2013ರ ಮೇ ತಿಂಗಳಲ್ಲಿ ದೆಹಲಿಯಲ್ಲಿ ಸೇರಿದ್ದ 45ನೇ ಭಾರತೀಯ ಕಾರ್ಮಿಕ ಸಮ್ಮೇಳನದಲ್ಲಿ, ಯೋಜನೆಗಳಡಿ ದುಡಿಯುವವರನ್ನು ಕಾರ್ಮಿಕರೆಂದು ಗುರುತಿಸಿ ಕನಿಷ್ಠ ವೇತನ ಮತ್ತು ಪಿಂಚಣಿ ಕೊಡಬೇಕೆಂಬ ಶಿಫಾರಸು ಆಗಿತ್ತು. ಆ ಸಮ್ಮೇಳನದಲ್ಲಿ ಕೂರುವವರು ಸರ್ಕಾರ, ಮಾಲೀಕರು ಮತ್ತು ಕಾರ್ಮಿಕ ಸಂಘಗಳು, ಈ ಮೂವರೂ. ಅಂದಿನಿಂದ ಇಂದಿನವರೆಗೆ ಅದನ್ನು ಜಾರಿಗೆ ತರುವ ಮನಸ್ಸು ಯಾವ ಕೇಂದ್ರ ಸರ್ಕಾರಕ್ಕೂ ಬರಲಿಲ್ಲ.

ಹಣವೆಲ್ಲಿದೆ ಎಂದು ಕೇಳುವವರಿದ್ದಾರೆ. 2015-16ರ ಬಜೆಟ್‌ನಲ್ಲಿ, ರಾಜ್ಯಗಳಿಗೆ ತೆರಿಗೆಯ ಪಾಲು ಹೆಚ್ಚಿಸಿದ್ದೇವೆಂಬ ಕಾರಣ ಹೇಳಿ, ಅಂಗನವಾಡಿಯ ಅನುದಾನವನ್ನು ಹಿಂದಿನ ವರ್ಷದ ಅರ್ಧಕ್ಕಿಂತಲೂ ಕೆಳಗೆ ಇಳಿಸಲಾಗಿತ್ತು; ಮಹಿಳಾ ಮತ್ತು ಮಕ್ಕಳ ಇಲಾಖೆಯೇ ಆಕ್ಷೇಪಿಸಿದ ಮೇಲೆ ಒಂದಿಷ್ಟು ಹಣ ಮರಳಿ ಬಂತು. ಅದಾಗಿ ನಾಲ್ಕು ವರ್ಷಕ್ಕೆ, 2019ರ ಸೆಪ್ಟೆಂಬರ್‌ನಲ್ಲಿ, ಕಂಪನಿಗಳ ಆದಾಯ ತೆರಿಗೆಯ ಮೂಲ ದರವನ್ನು ಶೇ 30ರಿಂದ ಶೇ 22ಕ್ಕೆ ಇಳಿಸುವ ಅವಕಾಶ ಮಾಡಿಕೊಟ್ಟರು. ಇದರಿಂದ ವರ್ಷಕ್ಕೆ 1.45 ಲಕ್ಷ ಕೋಟಿ ರೂಪಾಯಿ ವರಮಾನ ಕೈಬಿಡುತ್ತದೆಂದು ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಅವರೇ ಅಂದು ಹೇಳಿದರು. ಈಗ ನೀವೇ ಲೆಕ್ಕ ಹಾಕಿ. ದೇಶದ ಅಂಗನವಾಡಿ ಕಾರ್ಯಕರ್ತೆಯರು ಮತ್ತು ಸಹಾಯಕಿಯರು ಸೇರಿ ಸುಮಾರು 25 ಲಕ್ಷ ಎಂದುಕೊಳ್ಳೋಣ. ಅಷ್ಟೂ ಮಂದಿಗೆ ತಿಂಗಳಿಗೆ ಇನ್ನೂ ಹತ್ತು ಸಾವಿರ ರೂಪಾಯಿ ಕೊಟ್ಟರೆ ವರ್ಷಕ್ಕೆ ತಗಲುವುದು 30 ಸಾವಿರ ಕೋಟಿ, ಎಂದರೆ ಆ ಒಂದು ವರ್ಷದ ತೆರಿಗೆ ರಿಯಾಯಿತಿಯ ಐದನೆಯ ಒಂದು ಪಾಲಿನಷ್ಟು. ಬೊಕ್ಕಸ ಬರಿದಾಗಿದೆಯೆಂಬ ಮಾತನ್ನು ಇದಾದ ಮೇಲೆ ನಾನು ಒಪ್ಪಲಾರೆ.

ರಾಜ್ಯ ಸರ್ಕಾರಕ್ಕೂ ಹೇಳಬೇಕಾದದ್ದಿದೆ. ಗೃಹಲಕ್ಷ್ಮಿಯ 2,000 ರೂಪಾಯಿ, ಶಕ್ತಿ ಯೋಜನೆಯ ಉಚಿತ ಬಸ್ ಪ್ರಯಾಣ, ಅನ್ನಭಾಗ್ಯದ ಅಕ್ಕಿ ಇವೆಲ್ಲ ಹೆಂಗಸರ ಕೈಗೆ ಒಂದಿಷ್ಟು ಬಲ ತಂದಿವೆ, ಇವನ್ನು ಬಿಟ್ಟಿ ಭಾಗ್ಯವೆಂದು ಹಳಿಯುವವರ ಜೊತೆ ನಾನಿಲ್ಲ. ಆದರೆ ಮನೆಯೊಡತಿಗೆ ಹಣ ಕೊಡುವ ಯೋಜನೆಗೆ ಊರಿನಲ್ಲಿ ಅರ್ಜಿ ತುಂಬಿಸುವವಳು, ತಕರಾರು ಕೇಳಿಸಿಕೊಳ್ಳುವವಳು ಅಂಗನವಾಡಿ ಕಾರ್ಯಕರ್ತೆ. ಅವಳಿಗೆ 15,000 ರೂಪಾಯಿ ಕೊಡುತ್ತೇವೆಂದು 2023ರ ಚುನಾವಣೆಯಲ್ಲಿ ಈಗಿನ ಆಡಳಿತ ಪಕ್ಷ ಮಾತು ಕೊಟ್ಟಿತ್ತು. 2025ರ ಬಜೆಟ್‌ನಲ್ಲಿ ಅವಳಿಗೆ ಸಿಕ್ಕ ಏರಿಕೆ 1,000 ರೂಪಾಯಿ, ಸಹಾಯಕಿಗೆ 750. ಅದೇ ವರ್ಷದ ಜನವರಿಯಲ್ಲಿ, ಆರೋಗ್ಯ ಇಲಾಖೆಯಡಿ ಹೀಗೆಯೇ ದುಡಿಯುವ ಆಶಾ ಕಾರ್ಯಕರ್ತೆಯರು ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಚಳಿಯ ರಾತ್ರಿಗಳನ್ನು ಕಳೆದರು. ತಿಂಗಳಿಗೆ ಕನಿಷ್ಠ 10,000 ರೂಪಾಯಿ ಸಿಗುವಂತೆ ಮಾಡುವ ಭರವಸೆಯನ್ನು ಮುಖ್ಯಮಂತ್ರಿಗಳಿಂದ ಪಡೆದು ಎದ್ದುಹೋದವರು, ಅದೇ ವರ್ಷದ ಆಗಸ್ಟ್‌ನಲ್ಲಿ ಆ ಮಾತನ್ನು ನೆನಪಿಸಲು ಮತ್ತೆ ಬಂದು ಧರಣಿ ಕೂರಬೇಕಾಯಿತು. ಕೊರೊನಾ ಕಾಲದಲ್ಲಿ, ನಾವೆಲ್ಲ ಬಾಗಿಲು ಹಾಕಿಕೊಂಡು ಒಳಗಿದ್ದಾಗ, ಬೀದಿಬೀದಿ ಅಲೆದು ಜ್ವರದ ಲೆಕ್ಕ ಬರೆದವರು ಇವರು. ದೇಶದ ಆಶಾ ಕಾರ್ಯಕರ್ತೆಯರಿಗೆ 2022ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಪ್ರಶಸ್ತಿ ಕೊಟ್ಟು ಗೌರವಿಸಿತು.

ಕೊನೆಗೆ ಇದೆಲ್ಲ ಮಗುವಿನ ತಟ್ಟೆಗೇ ಬಂದು ಮುಟ್ಟುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 35ರಷ್ಟು ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ಶೇ 65ಕ್ಕೂ ಹೆಚ್ಚು ಮಕ್ಕಳಲ್ಲಿ ರಕ್ತಹೀನತೆಯಿದೆ. ಕುಂಠಿತವಾಗುತ್ತಿರುವ ಮಗುವನ್ನು ವೈದ್ಯರಿಗಿಂತ ಮೊದಲು, ಕೆಲವೊಮ್ಮೆ ತಾಯಿಗಿಂತಲೂ ಮೊದಲು ಗುರುತಿಸುವವಳು ತಿಂಗಳುತಿಂಗಳು ಅದನ್ನು ತಕ್ಕಡಿಯಲ್ಲಿ ಕೂರಿಸುವ ಅಂಗನವಾಡಿಯ ಹೆಂಗಸು. ಆಕೆಯ ಅನುಭವ ಇಪ್ಪತ್ತು, ಮೂವತ್ತು ವರ್ಷಗಳದ್ದು. ಅದಕ್ಕೆ ಬಡ್ತಿಯೂ ಅಪರೂಪ, ಬೆಲೆಯೂ ಇಲ್ಲ.

ಬರುವ ಕೇಂದ್ರ ಬಜೆಟ್‌ನ ದಿನ, ದೊಡ್ಡ ಘೋಷಣೆಗಳೆಲ್ಲ ಮುಗಿದ ಮೇಲೆ, ದಯವಿಟ್ಟು ಎರಡು ಅಂಕಿಗಳನ್ನು ಹುಡುಕಿ: ಅಂಗನವಾಡಿಯ ಎದುರಿನ 4,500 ಬದಲಾಗಿದೆಯೇ, ಬಿಸಿಯೂಟದ ಎದುರಿನ 1,000 ಬದಲಾಗಿದೆಯೇ ಎಂದು. ಬದಲಾಗದೆ ಇದ್ದರೆ ನಿಮ್ಮ ಲೋಕಸಭಾ ಸದಸ್ಯರಿಗೆ ಒಂದು ಕಾಗದ ಬರೆಯಿರಿ. ನಿಮ್ಮ ಊರಿನ ಟೀಚರ್ ಮತ್ತು ಆಯಮ್ಮ ಎಷ್ಟು ವರ್ಷದಿಂದ ದುಡಿಯುತ್ತಿದ್ದಾರೆ, ಎಷ್ಟು ಮಕ್ಕಳನ್ನು ಬೆಳೆಸಿದ್ದಾರೆ ಎಂಬುದನ್ನು ಅದರಲ್ಲಿ ತಪ್ಪದೆ ಬರೆಯಿರಿ.

ನಮಸ್ಕಾರ.